ಎಣಿಸದ ರೊಟ್ಟಿ

ಮೈಸೂರಿನಿಂದ ಕಂಪ್ಲಿಗೆ ವರ್ಗವಾದಾಗ ನಾನು ಹೆದರಿದ್ದು ಯಾವುದಕ್ಕೆಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬಿಸಿಲಿಗೆ ತಲೆ ತಿರುಗಿ ಬೀಳಬಹುದು. ಗದ್ದೆಯ ಸೊಳ್ಳೆ ಕಚ್ಚಿ ಚಳಿಜ್ವರ ಬರಬಹುದು. ಚಪ್ಪಲಿಯೊಳಗೆ ಚೇಳು ಕೂತಿರಬಹುದು. ಮಗಳು ಕಾಲುವೆಗೆ ಬೀಳಬಹುದು. ಅವಳನ್ನು ಎತ್ತಲು ಹೋಗಿ ಈಜು ಬಾರದ ನಾನೂ ಬೀಳಬಹುದು. ಇಬ್ಬರನ್ನೂ ಬೈಯುತ್ತ ನನ್ನ ಹೆಂಡತಿ ಶಾರದೆ ದಡದಲ್ಲಿ ನಿಂತಿರಬಹುದು. ಖಾರಕ್ಕೆ ಕರುಳು ಸುಡಬಹುದು. ಇದ್ಯಾವುದೂ ಆಗದಿದ್ದರೆ, ಯಾಕೆ ಇನ್ನೂ ಏನೂ ಆಗಲಿಲ್ಲ ಎಂಬ ಯೋಚನೆಯಲ್ಲೇ ನನಗೆ ರಕ್ತದೊತ್ತಡ ಬರಬಹುದು.

ಕಾಲುವೆ ಕಚೇರಿಯಲ್ಲಿ ನಕ್ಷೆ ಬರೆಯುವವನಿಗೆ ವರ್ಗವೇನೂ ಹೊಸದಲ್ಲ. ಆದರೆ ರೈಲು ಹತ್ತಿಸಲು ಬಂದ ನಮ್ಮತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡ ರೀತಿ ನೋಡಿ, ಪಕ್ಕದಲ್ಲಿದ್ದ ಹಿರಿಯರೊಬ್ಬರು ನಮಗೆ ಹಡಗು ಯಾವ ಊರಿಂದ ಎಂದು ಮರುಕದಿಂದ ವಿಚಾರಿಸಿದರು. ಅತ್ತೆಯ ಭೂಗೋಳದಲ್ಲಿ ಅರಸೀಕೆರೆ ದಾಟಿದರೆ ಪರದೇಶವೇ. ಆಗ ನಕ್ಕಿದ್ದೆ. ಕಂಪ್ಲಿಯಲ್ಲಿ ಬಸ್ಸಿಳಿದು, ನನ್ನದೇ ಕನ್ನಡದಲ್ಲಿ ದಾರಿ ಕೇಳಿ, ಅವರದೇ ಕನ್ನಡದಲ್ಲಿ ಉತ್ತರ ಪಡೆದು, ಇಬ್ಬರೂ ಕೈಸನ್ನೆಗೆ ಇಳಿದಾಗ ಅತ್ತೆಯ ಬಗ್ಗೆ ಗೌರವ ಹುಟ್ಟಿತು.

ಇಷ್ಟೆಲ್ಲ ಭಯಗಳ ನಡುವೆ ನಿಜವಾದದ್ದು ಒಂದೇ ಇತ್ತು. ಮಗಳು ಪದ್ಮಿ ಉಣ್ಣುತ್ತಿರಲಿಲ್ಲ. ಇನ್ನೂ ಶಾಲೆಗೆ ಸೇರದ ಮಗು. ತುತ್ತನ್ನು ಕೆನ್ನೆಯಲ್ಲಿಟ್ಟುಕೊಂಡು ಸಂಜೆಯವರೆಗೆ ಕಾಪಾಡಬಲ್ಲವಳು. ನಾನು ಎದುರಿಗೆ ಕೂತು ‘ಇನ್ನು ಮೂರೇ ತುತ್ತು, ಇನ್ನೆರಡೇ’ ಎಂದು ಲೆಕ್ಕ ಹಾಕುತ್ತಿದ್ದೆ. ಲೆಕ್ಕ ಸರಿಯಾಗಿಯೇ ಇರುತ್ತಿತ್ತು, ಮಗು ಮಾತ್ರ ಸೊರಗುತ್ತಿತ್ತು. ಯುಗಾದಿಯೊಳಗೆ ಇವಳ ಮೈ ಹಿಡಿಯದಿದ್ದರೆ ತವರಿಗೆ ಕರೆದುಕೊಂಡು ಹೋಗುತ್ತೇನೆ, ನೀವು ನಿಮ್ಮ ನಕ್ಷೆ ತಿಂದುಕೊಂಡಿರಿ ಎಂದು ಶಾರದೆ ಹೇಳಿಬಿಟ್ಟಳು. ಅವಳು ಆಡಿದ್ದನ್ನು ಮಾಡುವವಳು. ಟ್ರಂಕನ್ನು ಅಟ್ಟಕ್ಕೆ ಏರಿಸದೆ ಬಾಗಿಲ ಹಿಂದೆಯೇ ಇಟ್ಟಿದ್ದಳು.

ಪಕ್ಕದ ಮನೆಯ ಹೊನ್ನೂರಮ್ಮ, ಅವಳ ಗಂಡ ಬಸಣ್ಣ ಗದ್ದೆ ಮಾಡಿಕೊಂಡಿದ್ದವರು. ನಾವು ಬಂದ ವಾರದಲ್ಲೇ ಕರೆದು ಊಟಕ್ಕೆ ಕೂರಿಸಿದ್ದರು. ಮರ್ಯಾದೆಗೆ ನಾವೂ ಅವರನ್ನು ಕರೆದೆವು. ರೊಟ್ಟಿ ಬಡಿಯಲು ಶಾರದೆ ಆಗಷ್ಟೇ ಕಲಿಯುತ್ತಿದ್ದಳು. ಬಡಿದದ್ದರಲ್ಲಿ ಅರ್ಧ ಹಂಚಿಗೆ ಹೋಗುವ ಮೊದಲೇ ನಕ್ಷೆಯಲ್ಲಿನ ದ್ವೀಪಸಮೂಹವಾಗುತ್ತಿತ್ತು. ಸಾಲದೆ ಬಂದರೆ ಏನು ಗತಿ? ಹಿಂದಿನ ದಿನವೇ ನಾನು ಅವರ ಕಟ್ಟೆಗೆ ಹೋಗಿ, ತಲಾ ಎಷ್ಟು ರೊಟ್ಟಿ ತಿನ್ನುತ್ತೀರಿ ಎಂದು ಬಹಳ ವಿನಯದಿಂದ ಕೇಳಿದೆ. ನಮ್ಮ ಕಡೆ ಅದು ಮುಂದಾಲೋಚನೆ. ಬಸಣ್ಣ ನನ್ನನ್ನು ಜ್ವರ ಬಂದವನನ್ನು ನೋಡುವಂತೆ ನೋಡಿದ. ಹೊನ್ನೂರಮ್ಮ ಮೊರದಿಂದ ತಲೆಯೆತ್ತಿ ಹೇಳಿದಳು: “ಸಾಹೇಬ್ರ, ನೀವು ಕಾಲುವಿ ನೀರು ಅಳೀರಿ. ರೊಟ್ಟಿ ಮಾತ್ರ ಎಣಿಸಬ್ಯಾಡ್ರಿ. ಎಣಿಸಿದ ರೊಟ್ಟಿ ಹೊಟ್ಟಿ ತುಂಬಂಗಿಲ್ಲ.”

ಮರುದಿನ ಬರುವಾಗ ತಾನೇ ಒಂದು ಬುಟ್ಟಿ ರೊಟ್ಟಿ ಹೊತ್ತು ತಂದಳು. ಆಮೇಲೆ ಗಮನಿಸಿದೆ: ಆ ಓಣಿಯ ಯಾವ ಮನೆಯಲ್ಲೂ ಯಾರೂ ರೊಟ್ಟಿ ಎಣಿಸುವುದಿಲ್ಲ. ಬುಟ್ಟಿಯ ಮೇಲೊಂದು ಬಟ್ಟೆ. ಕೈ ಹಾಕಿದವನಿಗೆ ಸಿಕ್ಕಷ್ಟು. ಇನ್ನೂ ಬರದವನ ಪಾಲು ತಳದಲ್ಲಿ ಇದ್ದೇ ಇರುತ್ತದೆ. ಊಟದ ಹೊತ್ತಿಗೆ ಹೊಸ್ತಿಲಲ್ಲಿ ಯಾರಿದ್ದರೂ, ವಿಳಾಸ ಕೇಳಲು ಬಂದವರಾದರೂ, ಒಳಗೆ ಬಂದು ಕೂರಬೇಕು. ಮಕ್ಕಳಂತೂ ಮಧ್ಯಾಹ್ನ ಯಾವ ಮನೆಯಲ್ಲಿ ಆಡುತ್ತಿರುತ್ತವೋ ಅಲ್ಲಿಯೇ ಉಣ್ಣುತ್ತವೆ. ಕೂಗಿ ಕರೆಯುವ ಪದ್ಧತಿಯೇ ಇಲ್ಲ.

ಈ ಕೊನೆಯದು ನನಗೆ ತಿಳಿದಿರಲಿಲ್ಲ. ಒಂದು ಮಧ್ಯಾಹ್ನ ಪದ್ಮಿ ಕಾಣಿಸಲಿಲ್ಲ. ನಾನು, ಸ್ವಭಾವಕ್ಕೆ ತಕ್ಕಂತೆ, ಮೊದಲು ಕಾಲುವೆಗೆ ಓಡಿ ನೀರು ನೋಡಿ ಬಂದೆ. ಅವಳು ಹೊನ್ನೂರಮ್ಮನ ನಡುಮನೆಯಲ್ಲಿ ಮಕ್ಕಳ ಸಾಲಿನಲ್ಲಿ ಕೂತು, ಖಾರಕ್ಕೆ ಮೂಗು ಸುರಿಸಿಕೊಂಡು ಹುಳಿಸೊಪ್ಪಿನ ಪುಂಡಿಪಲ್ಯದಲ್ಲಿ ರೊಟ್ಟಿ ಅದ್ದುತ್ತಿದ್ದಳು. ಕೆನ್ನೆ ಖಾಲಿ! ಎಷ್ಟನೆಯ ರೊಟ್ಟಿ ಎಂದು ಕೇಳಲು ಬಾಯಿ ತೆರೆದೆ. ಹೊನ್ನೂರಮ್ಮ ನನ್ನ ರಟ್ಟೆ ಹಿಡಿದು ಹೊರಗೆ ತಿರುಗಿಸಿ, “ಬಾಯಿ ಮುಚ್ಚಿಕೊಂಡು ಹೋಗ್ರಿ ಅಣ್ಣಾರ. ನೀವು ನೋಡಿದ್ರ ಆಕಿ ಉಣ್ಣಂಗಿಲ್ಲ” ಎಂದಳು. ಸಾಹೇಬನಿಂದ ಅಣ್ಣನಾದದ್ದಕ್ಕೆ ಸಂತೋಷಪಡಬೇಕೋ, ಹೊರಗೆ ತಳ್ಳಿಸಿಕೊಂಡದ್ದಕ್ಕೆ ದುಃಖಿಸಬೇಕೋ ತಿಳಿಯದೆ ಕಟ್ಟೆಯ ಮೇಲೆ ಕೂತೆ. ಅಲ್ಲಿಗೂ ಒಂದು ತಟ್ಟೆ ಬಂತು.

ಮುಂದೊಂದು ಭಾನುವಾರ ಎರಡೂ ಮನೆಯವರು ಬುತ್ತಿ ಕಟ್ಟಿಕೊಂಡು ಹಂಪಿಗೆ ಹೋದೆವು. ಅಲ್ಲೊಂದು ಕಲ್ಲಿನ ಕಾಲುವೆಯಿದೆ. ಅದರ ಎರಡೂ ದಡಕ್ಕೆ ಸಾಲಾಗಿ ಕಲ್ಲಿನ ತಟ್ಟೆಗಳು; ಅನ್ನಕ್ಕೊಂದು ಗುಣಿ, ಪಲ್ಯಕ್ಕೊಂದು, ಚಟ್ನಿಗೊಂದು. ವೃತ್ತಿಯ ಚಟದಿಂದ ನಾನು ಮೊದಲು ಕಾಲುವೆಯ ಇಳಿಜಾರು ನೋಡಿದೆ. ಬಸಣ್ಣ ತಟ್ಟೆಗಳನ್ನು ನೋಡಿದ. ಇಲ್ಲಿ ಉಂಡವರು ರಾಜರೋ ಸಿಪಾಯಿಗಳೋ ಎಂದು ನಾನು ಪಾಂಡಿತ್ಯಕ್ಕೆ ತೊಡಗಿದಾಗ, “ಯಾರಾರ ಆಗ್ಲಿ, ಹಸದೋರು” ಎಂದು ಮುಗಿಸಿದ. ನಮ್ಮ ಮನೆಗಳಲ್ಲಿ ಜನ ಬಂದ ಮೇಲೆ ತಟ್ಟೆ ಹಾಕುತ್ತೇವೆ. ಇಲ್ಲಿ ತಟ್ಟೆ ಮೊದಲೇ ಕಾದಿದೆ, ಬರುವವರು ಯಾರಾದರೂ ಬರಲಿ ಎಂದು. ಹೊನ್ನೂರಮ್ಮನ ಬುಟ್ಟಿಯ ತಳ ನೆನಪಾಯಿತು.

ಯುಗಾದಿ ಬಂತು. ಟ್ರಂಕು ಇದ್ದಲ್ಲೇ ಇತ್ತು. ಅದರ ಮೇಲೆ ಈಗ ಜೋಳದ ಹಿಟ್ಟಿನ ಡಬ್ಬಿ ಕೂತಿತ್ತು. ಡಬ್ಬಿಯಲ್ಲಿ ಎಷ್ಟು ಸೇರು ಹಿಟ್ಟಿದೆ ಎಂದು ನಾನು, ಬದುಕಿನಲ್ಲಿ ಅಪರೂಪಕ್ಕೆ, ಲೆಕ್ಕ ಹಾಕಲಿಲ್ಲ.

ಬೇಸಿಗೆಗೆ ಮೈಸೂರಿಗೆ ಹೋದೆವು. ಮೊಮ್ಮಗಳ ಕೆನ್ನೆ ನೋಡಿ ಅತ್ತೆಗೆ ಪರದೇಶದ ಮೇಲೆ ಕೊಂಚ ನಂಬಿಕೆ ಬಂತು. ಮರುದಿನ ಮಧ್ಯಾಹ್ನ ಎಲೆ ಹಾಕಿದಾಗ ಮಗು ಇಲ್ಲ. ಅಲ್ಲಿ ಕಾಲುವೆಯೂ ಇಲ್ಲದ್ದರಿಂದ ನಾನು ಎಲ್ಲಿಗೆ ಓಡಬೇಕೆಂದು ತಿಳಿಯದೆ ನಿಂತೆ. ಅಷ್ಟರಲ್ಲಿ ಎದುರುಮನೆಯಾಕೆ ಪದ್ಮಿಯ ಕೈಹಿಡಿದು ಬಂದರು. ಗಂಡಹೆಂಡಿರಿಬ್ಬರೇ ಇರುವ, ಪಾವಿನಲ್ಲಿ ಅಳೆದೇ ಅಕ್ಕಿ ಹಾಕುವ ಮನೆ ಅದು. ಅವರು ಊಟಕ್ಕೆ ಕೂರುವ ಹೊತ್ತಿಗೆ ಇವಳು ನೆಟ್ಟಗೆ ಒಳಗೆ ಹೋಗಿ, ಯಜಮಾನರ ಪಕ್ಕ ಚಕ್ಕಳಮಕ್ಕಳ ಹಾಕಿ, “ಅಜ್ಜಿ, ಕುಂತೀನ್ರಿ, ನೀಡ್ರಿ” ಎಂದಳಂತೆ. ಆಕೆ ಕಕ್ಕಾಬಿಕ್ಕಿಯಾಗಿ ಬಡಿಸಿದರಂತೆ. ಇವಳು ಎರಡನೆಯ ಸಲವೂ ಹಾಕಿಸಿಕೊಂಡಳಂತೆ. ಹೇಳುತ್ತ ಹೇಳುತ್ತ ಆಕೆಗೆ ನಗು ತಡೆಯಲಾಗಲಿಲ್ಲ. ನಾಳೆಯೂ ಕಳಿಸಿ ಎಂದರು.

ನಾಚಿಕೆಯಿಂದ ನಾನು ಏನೇನೋ ತೊದಲಿದೆ. ಶಾರದೆ ಮಾತ್ರ ಅಮ್ಮನ ಕಡೆ ತಿರುಗಿ, “ನಾಳಿಂದ ಪಾವಿನಲ್ಲಿ ಅಳೀಬ್ಯಾಡಮ್ಮ, ಕೈಗೆ ಬಂದಷ್ಟು ಹಾಕು. ಎದುರುಮನೆಯವರೂ ಊಟಕ್ಕೆ ಬರಬಹುದು” ಎಂದಳು.

ಅಷ್ಟೊಂದು ಹೆದರಿದ್ದರಲ್ಲಿ ಕೊನೆಗೆ ಕೆಟ್ಟದ್ದು ಇಷ್ಟೇ: ಎದುರುಮನೆಯ ಯಜಮಾನರಿಗೆ ಅಂದು ಸಾರಿಗೆ ಅನ್ನವಿತ್ತು, ಮಜ್ಜಿಗೆಗೆ ಸಾಲಲಿಲ್ಲ.