ಎಣ್ಣೆ ಬಿಟ್ಟ ಮೌಸು

ಯಾವ ಯಂತ್ರವೇ ಇರಲಿ, ಎರಡು ಹನಿ ಎಣ್ಣೆ ಬಿಟ್ಟರೆ ಹಗುರಾಗಿ ಓಡುತ್ತದೆ ಎಂದು ನಂಬಿ ಬೆಳೆದವನು ನಾನು. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆಪೂಜೆಯ ದಿನ ಅವ್ವ ತನ್ನ ಹೊಲಿಗೆ ಯಂತ್ರದ ತೂತುಗಳಿಗೆಲ್ಲ ಎಣ್ಣೆ ಬಿಟ್ಟು, ಕುಂಕುಮ ಹಚ್ಚಿ, ಕಾಯಿ ಒಡೆಯುತ್ತಿದ್ದಳು. ತೊಂಬತ್ತರ ದಶಕದ ಕೊನೆಗೆ ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಒಂದು ಕೋಣೆ ಹಿಡಿದು ಕಂಪ್ಯೂಟರ್ ಕ್ಲಾಸ್ ತೆರೆದಾಗ ನಾನೂ ಅದನ್ನೇ ಮಾಡಿದೆ. ಇದ್ದ ಎರಡು ಕಂಪ್ಯೂಟರ್‌ಗಳಲ್ಲಿ ವಿದ್ಯಾರ್ಥಿಗಳು ಕೂರುತ್ತಿದ್ದ ಒಂದರ ಮೌಸನ್ನು ಬೋರಲು ಹಾಕಿ, ಮುಚ್ಚಳ ತಿರುಗಿಸಿ, ಒಳಗಿನ ರಬ್ಬರ್ ಚೆಂಡಿಗೆ ಕುಂಕುಮ ಇಟ್ಟೆ. ಚೆಂಡಿನ ಜೊತೆ ತಿರುಗುವ ಸಣ್ಣ ಉರುಳೆಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಅಷ್ಟರಲ್ಲಿ ಯಾರೋ ಕರೆದರು, ನನ್ನ ಕಂಪ್ಯೂಟರಿನ ಮೌಸು ಹೇಗೋ ಬಚಾವಾಯಿತು.

ಅದಾದ ಕೆಲವು ದಿನಕ್ಕೆ ಚಾಚಾ ಬಂದರು. ಐವತ್ತು ದಾಟಿದ್ದ ಅವರನ್ನು ಎಲ್ಲರೂ ಚಾಚಾ ಎಂದೇ ಕರೆಯುತ್ತಿದ್ದರು. ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಬಂದು, ಕಚೇರಿಯೊಂದರ ಮುಂದೆ ಬೇವಿನ ಮರದಡಿ ಕೂತು, ಜನರ ಅರ್ಜಿ ಟೈಪ್ ಮಾಡಿಕೊಡುವುದು ಅವರ ಕೆಲಸ.

"ಈಗ ಎಲ್ಲರೂ ಕಂಪ್ಯೂಟರ್ ಅರ್ಜೀನೇ ಕೇಳಾಕತ್ತಾರ್ರೀ ಮಾಸ್ತರ್ರೇ. ಇದು ಕಲೀಲಿಲ್ಲಂದ್ರ ಗಿಡದ ಬುಡಕಿನ ನನ್ನ ಜಾಗಾ ಹೋಗ್ತದ" ಎಂದರು.

ಕೀಲಿಮಣೆಯ ಮೇಲೆ ಅವರ ಬೆರಳು ಓಡುವುದನ್ನು ಕಂಡು ನನಗೇ ಹೊಟ್ಟೆಕಿಚ್ಚಾಯಿತು. ಮೌಸು ಹಿಡಿದರೆ ಮಾತ್ರ ತೆರೆಯ ಮೇಲಿನ ಬಾಣ ಅರ್ಧ ದಾರಿಯಲ್ಲಿ ನಿಂತು, ಆಮೇಲೆ ಜಿಗಿದು ಎಲ್ಲೋ ಹೋಗಿ ಬೀಳುತ್ತಿತ್ತು. ಉಳಿದ ವಿದ್ಯಾರ್ಥಿಗಳಿಗೂ ಅದು ಆಗಾಗ ಜಿಗಿಯುತ್ತಿತ್ತು, ಹೊಸ ಕೈಗೆ ಹಾಗೇ ಎಂದುಕೊಂಡಿದ್ದೆ. ಮೂರನೆಯ ದಿನ ಅವರು ಮೆಲ್ಲಗೆ ಹೇಳಿದರು: "ಒಳಗ ಏನೋ ಸಿಕ್ಕೊಂಡದ ನೋಡ್ರಿ. ನನ್ನ ಮಶೀನ್‌ದಾಗೂ ಹಿಂಗ ಆಗ್ತದ. ಒಮ್ಮಿ ಬಿಚ್ಚಿ ಒರಸ್ರಿ."

ಕಲಿಯಲು ಬಂದವರು ನನಗೇ ಕಲಿಸುವುದೆ? ಉಳಿದ ಹುಡುಗ ಹುಡುಗಿಯರು ಬೇರೆ ನೋಡುತ್ತಿದ್ದರು. ನಾಲಿಗೆ ಹರಿಬಿಟ್ಟೆ.

"ಮೊನ್ನೇನೇ ಪೂಜಿ ಮಾಡಿ ಎಣ್ಣಿ ಹಾಕೀನಿ ಚಾಚಾ. ಕುಣಿಯಾಕ ಬರದಾಕಿ ನೆಲ ಡೊಂಕು ಅಂದಿದ್ಳಂತ. ಟೈಪ್‌ರೈಟರ್ ಕುಟ್ಟಿ ಕುಟ್ಟಿ ನಿಮ್ಮ ಕೈ ಕೆಟ್ಟಾವ. ಈ ವಯಸ್ಸಿಗೆ ಇದು ಒಗ್ಗಂಗಿಲ್ಲ, ಬಿಡ್ರಿ."

ಎಲ್ಲರೂ ನಕ್ಕರು. ಚಾಚಾ ತಮ್ಮ ಅಂಗೈಯನ್ನು ಹೊರಳಿಸಿ ನೋಡಿಕೊಂಡರು. ಇನ್ನೆರಡು ದಿನ ಬಂದು, ಕರವಸ್ತ್ರದಿಂದ ಕೈ ಒರೆಸಿ ಒರೆಸಿ ಪ್ರಯತ್ನಿಸಿದರು. ಆಮೇಲೆ ಬರಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ನನ್ನ ಕಂಪ್ಯೂಟರ್ ಕೈಕೊಟ್ಟಿತು. ವಿದ್ಯಾರ್ಥಿಗಳ ಕಂಪ್ಯೂಟರಿನ ಮುಂದೆ ಕೂತರೆ ಬಾಣ ನನಗೂ ಹಾಗೇ ಜಿಗಿಯಿತು. ಮೌಸು ಬಿಚ್ಚಿದೆ. ಎಣ್ಣೆ, ಕುಂಕುಮ, ಧೂಳು ಎಲ್ಲ ಕಲೆತು ಉರುಳೆಗಳ ಸುತ್ತ ಬಳೆಯಂತೆ ಗಟ್ಟಿಯಾಗಿ ಕೂತಿದ್ದವು. ಕಡ್ಡಿಯಿಂದ ಕೆರೆದು, ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ, ಚೆಂಡನ್ನು ಸೋಪಿನ ನೀರಲ್ಲಿ ತೊಳೆದು ಒಣಗಿಸಿ ಹಾಕಿದೆ. ಅರ್ಧ ಗಂಟೆಯ ಕೆಲಸ. ಬಾಣ ಹೇಳಿದಲ್ಲಿಗೆ ಹೋಗಿ ನಿಂತಿತು.

ಬೇವಿನ ಮರದಡಿ ಹೋಗಿ ನೋಡಿದರೆ ಚಾಚಾನ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು. ಭಾನುವಾರ ಕಮಲಾಪುರದ ಬಸ್ಸು ಹತ್ತಿದೆ. "ತಪ್ಪು ನಂದು ಚಾಚಾ, ನಿಮ್ಮ ಕೈದಲ್ಲ" ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಅವರು ಮನೆಯ ಮುಂದೆ ಕೂತು, ಹೆಂಡತಿಯ ತಮ್ಮನ ಅಂಗಡಿಗೆಂದು ಕೆಂಪು ಬಾಳೆಹಣ್ಣು ಆರಿಸುತ್ತಿದ್ದರು. ಟೈಪ್‌ರೈಟರ್ ಮಾರಿಬಿಟ್ಟೆ ಎಂದರು. ನನ್ನನ್ನು ಕಂಡು ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಬಾಯಿಪಾಠ ಮಾಡಿದ್ದನ್ನು ಹೇಳಲು ಮನಸ್ಸಾಗಲಿಲ್ಲ.

"ಮತ್ತ ಬರ್ರಿ ಚಾಚಾ. ಹೊಸಾ ಮೌಸ್ ತಂದೀನಿ" ಎಂದು ಸುಳ್ಳು ಹೇಳಿದೆ.

"ಹೊಸಾದಕ್ಕ ಈ ಕೈ ಯಾಕ್ರಿ ಹಚ್ಚಲಿ? ಬ್ಯಾಡ" ಎಂದು ನಕ್ಕರು. ಹೆಂಡತಿ ಚಹಾ ತಂದಾಗ, ನನಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದರು: "ಇವರೇ ನೋಡು ಆ ಮಾಸ್ತರ್. ಬ್ಯಾರೆಯವರಾಗಿದ್ರ ಸುಳ್ಳು ಆಸೆ ಹಚ್ಚಿ ವರ್ಷಗಟ್ಲೆ ಕೂಡಿಸ್ಕೋತಿದ್ರು. ಇವರು ನನ್ನ ಕೈ ಕೆಟ್ಟಾವಂತ ಮುಖದ ಮ್ಯಾಲೆ ಖರೇ ಹೇಳಿದ್ರು."

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಚಹಾ ಕುಡಿದೆ. ಹೊರಡುವಾಗ ಅವರು ಒಳ್ಳೆಯದೊಂದು ಬಾಳೆಹಣ್ಣಿನ ಚಿಪ್ಪು ಆರಿಸಿ, ಖರೇ ಹೇಳಿದ್ದಕ್ಕೆ ಎಂದು ನನ್ನ ಕೈಗಿಟ್ಟರು. ನಾನು ತೆಗೆದುಕೊಂಡೆ.