ಮುಚ್ಚಳಕ್ಕೆ ಹಚ್ಚಿದ ಗಂಧ

ನನ್ನನ್ನು ಪಂಪುಕಳ್ಳ ಅಂತ ಬೆಳ್ಳಾರೆ ಪೇಟೆಯಿಡೀ ಹೇಳಿಕೊಂಡು ತಿರುಗಿದವರು ಒಬ್ಬರು ರೈಗಳು. ಎಂಬತ್ತರ ದಶಕದಲ್ಲಿ ರ‍್ಯಾಲಿಯ ಹುಚ್ಚು ಹಿಡಿದು, ತಮ್ಮ ಹಳೇ ಫಿಯೆಟ್ಟಿಗೆ ಎರಡು ಕಾರ್ಬುರೇಟರು, ಪೆಟ್ರೋಲು ಎಳೆಯಲಿಕ್ಕೆ ಫಾರಿನ್ನಿನ ಕರೆಂಟ್ ಪಂಪು ಹಾಕಿಸಿದ್ದರು. ಹಾಕಿಕೊಟ್ಟವನು ನಾನು, ಪುತ್ತೂರಿನ ನನ್ನ ಗ್ಯಾರೇಜಿನಲ್ಲಿ. ಮಳೆಗಾಲವಿಡೀ ಒಂದು ದೂರಿಲ್ಲ. ನವರಾತ್ರಿ ಮುಗಿದದ್ದೇ ಪಂಪು ಕುಂಯ್‌ಗುಟ್ಟಲು ಶುರು, ಏರು ಹತ್ತುವಾಗ ಕಾರು ನಿಂತೇಬಿಡುತ್ತಿತ್ತು.

"ಒಳ್ಳೆ ಪಂಪು ತೆಗೆದು ಹಳತು ಇಟ್ಟಿದ್ದೀರಿ ನೀವು" ಅಂದರು ಗ್ಯಾರೇಜಿಗೆ ಬಂದು, ಗಿರಾಕಿಗಳ ಎದುರೇ.

ನನಗೆ ಮೈಯೆಲ್ಲ ಉರಿಯಿತು. "ಕೂತ್ಕೊಳ್ಳಿ ಮಾರಾಯ್ರೆ, ಯಾರು ಕಳ್ಳ ಅಂತ ಈಗಲೇ ನೋಡುವ" ಎಂದು ಕಾರನ್ನು ನಾನೇ ಓಡಿಸಿದೆ. ಏರಿನಲ್ಲಿ ಪಂಪು ಕೂಗತೊಡಗಿತು. ಇಂಜಿನ್ ಆರಿಸದೆ ಇಳಿದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದೆ. ಬುಸ್ಸೆಂದು ಗಾಳಿ ಒಳಗೆ ನುಗ್ಗಿತು, ಕೂಗು ನಿಂತಿತು. ಪೆಟ್ರೋಲು ಖಾಲಿಯಾದ ಹಾಗೆ ಟ್ಯಾಂಕಿಗೆ ಗಾಳಿ ಹೋಗಲಿಕ್ಕೆಂದು ಮುಚ್ಚಳದಲ್ಲಿ ಒಂದು ಸಣ್ಣ ತೂತು ಉಂಟು; ಅದು ಕಟ್ಟಿಕೊಂಡರೆ ಪಂಪು ಎಷ್ಟು ಎಳೆದರೂ ಪೆಟ್ರೋಲು ಬಾರದು. ಅದರೊಳಗೆ ಆಯುಧಪೂಜೆಯ ಗಂಧ ಒಣಗಿ ಕೂತಿತ್ತು! ಕಾರಿಡೀ ಗಂಧ ಬಳಿದವರು ಸ್ವತಃ ರೈಗಳೇ.

ಕಡ್ಡಿಯಿಂದ ಕೆದಕಿ ತೋರಿಸಿದೆ. ಅವರಿಗೇ ಸಿಟ್ಟು ಬಂತು. "ಎಂತ ಮಾತಾಡುದು ನೀವು? ದೇವರ ಗಂಧದಿಂದ ಕಾರು ಹಾಳಾಗುದುಂಟಾ?"

ಅಂದರೆ ನಾನು ಕಳ್ಳನಾದರೆ ಅಡ್ಡಿಯಿಲ್ಲ, ಗಂಧದ ಮೇಲೆ ಮಾತ್ರ ತಪ್ಪು ಬರಬಾರದು!

ಮರುವರ್ಷದ ಆಯುಧಪೂಜೆಯ ದಿನ ಆ ಕಾರು ಕಣ್ಣಿಗೆ ಬಿತ್ತು. ಮೈತುಂಬ ಗಂಧ, ಟ್ಯಾಂಕಿನ ಮುಚ್ಚಳಕ್ಕೆ ಮಾತ್ರ ಗಂಧ ತಾಗದ ಹಾಗೆ ಪ್ಲಾಸ್ಟಿಕ್ ತೊಟ್ಟೆ ಕಟ್ಟಿದ್ದರು. ಗಂಧದ ಮೇಲೆ ರೈಗಳಿಗೂ ಸಂಶಯ ಬಂದಿತ್ತು ಅಂತಾಯಿತು. ಅದನ್ನು ಮಾತ್ರ ಅವರು ಬೆಳ್ಳಾರೆ ಪೇಟೆಯಲ್ಲಿ ಒಬ್ಬರಿಗೂ ಹೇಳಲಿಲ್ಲ.