ಮನೆಯ ಮಾನ ಮುಚ್ಚದ ಪುಸ್ತಕ

ನನ್ನ ಮಗಳು ಮೊದಲ ಹೆಜ್ಜೆ ಇಟ್ಟದ್ದನ್ನು ನಾನು ಓದಿ ತಿಳಿದೆ. ಗುರುವಾರ ಸಂಜೆ ಆರು ಗಂಟೆ, ಹೆಗಲಲ್ಲಿ ಆಫೀಸಿನ ಚೀಲ, ಸೊಂಟದ ಮೇಲೆ ಮಗು, ಕೈಯಲ್ಲಿ ಅವಳನ್ನು ಹಗಲು ನೋಡಿಕೊಳ್ಳುವವರು ದಿನವೂ ಬರೆದು ಕೊಡುವ ಎಂಬತ್ತು ಪುಟದ ಗೆರೆ ಹಾಕಿದ ನೋಟ್‌ಬುಕ್ಕು. ಮೆಟ್ಟಿಲ ಮೇಲೆಯೇ ನಿಂತು ಓದಿದೆ. ‘ಹನ್ನೊಂದು ಇಪ್ಪತ್ತು. ನೀಲಿ ಸ್ಟೂಲ್ ಬಿಟ್ಟು ಬಾಗಿಲ ಕಡೆಗೆ ನಾಲ್ಕು ಹೆಜ್ಜೆ. ಐದನೆಯದಕ್ಕೆ ಕೂತಳು. ನಾನು ಜೋರಾಗಿ ಚಪ್ಪಾಳೆ ತಟ್ಟಿದ್ದಕ್ಕೆ ಬೆಚ್ಚಿ ಅತ್ತಳು. ತಪ್ಪು ನನ್ನದು.’ ಅದರ ಕೆಳಗೆ ಅದೇ ದುಂಡು ಅಕ್ಷರ, ಏನೂ ಆಗಿಲ್ಲವೆಂಬಂತೆ: ‘ಹನ್ನೆರಡು. ಅನ್ನ, ಕ್ಯಾರೆಟ್. ಕ್ಯಾರೆಟ್ ಉಗುಳಿದಳು.’

ಹನ್ನೊಂದು ಇಪ್ಪತ್ತಕ್ಕೆ ನಾನೇನು ಮಾಡುತ್ತಿದ್ದೆ ಎಂಬುದೂ ನನಗೆ ನೆನಪಿದೆ. ಬಟ್ಟೆ ಒಗೆಯುವ ಯಂತ್ರದ ಕಂಪನಿಯಲ್ಲಿ ಗಿರಾಕಿಗಳ ದೂರಿಗೆ ಉತ್ತರ ಬರೆಯುವುದು ನನ್ನ ಕೆಲಸ. ಯಂತ್ರ ತನ್ನ ಕಿಟಕಿ ಪರದೆಗಳನ್ನೆಲ್ಲ ಚಿಂದಿ ಮಾಡಿತೆಂದು ಬರೆದವಳಿಗೆ, ‘ತಮಗೆ ಅನಾನುಕೂಲ ಉಂಟಾಗಿರುವುದು ನಮ್ಮ ಗಮನಕ್ಕೆ ಬಂದಿದೆ’ ಎಂದು ಬರೆಯುತ್ತಿದ್ದೆ. ಉಂಟಾಗಿದೆ, ಅಷ್ಟೇ. ಯಾರಿಂದ ಎಂದು ಬರೆಯದೆ ಇರುವುದಕ್ಕೇ ನನಗೆ ಸಂಬಳ.

ಮಗುವನ್ನು ನೋಡಿಕೊಳ್ಳುವವರು ನಮ್ಮದೇ ಕಟ್ಟಡದ ಕೆಳಮನೆಯಲ್ಲಿದ್ದಾರೆ. ಅರವತ್ತಮೂರು ವರ್ಷ, ಎರಡು ಕೋಣೆ, ಒಂದು ಹೊಲಿಗೆ ಯಂತ್ರ, ಹಗಲು ಮೂರು ಮಕ್ಕಳು. ಕಟ್ಟಡದವರೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತಾರೆ. ಅವರು ಯಾರ ತಾಯಿಗೂ ಅಕ್ಕನಲ್ಲ. ನನ್ನ ಮಗಳ ಬಾಯಲ್ಲಿ ‘ಅಮ್ಮ’ ತಿರುಗುವ ಮುಂಚೆ ‘ದೊಮ್ಮ’ ತಿರುಗಿತ್ತು. ಅವರು ದೊಡ್ಡ ಅಮ್ಮನಾದರೆ ನಾನೇನು ಚಿಲ್ಲರೆ ಅಮ್ಮನೇ ಎಂದು ಗಂಡನನ್ನು ಕೇಳಿದೆ. ಅವನು ಷರ್ಟು ಇಸ್ತ್ರಿ ಮಾಡುತ್ತಲೇ, “ನಾನು ಇನ್ನೊಬ್ಬಳನ್ನ ಕಟ್ಕೊಂಡು ಬಂದಿದ್ರೂ ನೀನು ಇಷ್ಟು ಉರ್ಕೋತಿರ್ಲಿಲ್ಲ” ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಸವತಿಯಾದರೆ ಜಗಳ ಆಡಬಹುದು. ಮಗುವಿನ ಮೂಗು ಒರೆಸಿ, ಕಾಲುಚೀಲ ತೊಳೆದು ಮಡಿಸಿ ಕೊಡುವವರ ಜೊತೆ ಏನೆಂದು ಜಗಳ ಆಡುವುದು?

ದೊಡ್ಡಮ್ಮ ಏಳನೇ ತರಗತಿಯವರೆಗೆ ಓದಿದವರು. ಇಪ್ಪತ್ತಾರು ವರ್ಷ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಆಯಾ ಆಗಿದ್ದರು. ಗಂಡ ಬಸ್ಸಿನ ಮೆಕ್ಯಾನಿಕ್, ತೀರಿಕೊಂಡು ಬಹಳ ಕಾಲವಾಯಿತು. ಹೆತ್ತ ಒಂದು ಮಗು ಎರಡು ವರ್ಷಕ್ಕೆ ಹೋಯಿತು. ವಾರ್ಡಿಗೆ ಸೇರಿದ ಹೊಸದರಲ್ಲಿ ಒಂದು ದಿನ ಮೊಣಕೈ ಅದ್ದಿ ನೋಡದೆ ಕೂಸಿನ ಕಾಲನ್ನು ಬಿಸಿನೀರಿಗೆ ಇಳಿಸಿಬಿಟ್ಟರಂತೆ. ಪಾದ ಕೆಂಪಗಾಯಿತು. ಬೆವರುಸಾಲೆ ಎಂದು ಬರೆದರಾಯಿತು, ಸುಮ್ಮನಿರು ಎಂದಳು ನರ್ಸು. ಇವರು ಪೆನ್ನು ಇಸಿದುಕೊಂಡು ವಾರ್ಡಿನ ಪುಸ್ತಕದಲ್ಲಿ, ‘ನೀರು ಬಿಸಿ ಇತ್ತು, ನಾನು ನೋಡಲಿಲ್ಲ’ ಎಂದು ತಾವೇ ಬರೆದರು. ಮೂರು ತಿಂಗಳು ಬಟ್ಟೆ ಒಗೆಯುವ ಕೋಣೆಗೆ ಹಾಕಿದರು. ವಾಪಸ್ ಬಂದ ಮೇಲೆ, ಹೊಟ್ಟೆ ಕೆಟ್ಟ ಮಗು ಎಷ್ಟು ಸಲ ಹೋಯಿತು ಎಂದು ಯಾರೇ ಹೇಳಿದರೂ ಹಿರಿಯ ಡಾಕ್ಟರು, ಆ ಆಯಾ ಏನು ಬರೆದಿದ್ದಾಳೆ ನೋಡಿ ಎನ್ನುತ್ತಿದ್ದರಂತೆ. ಇದನ್ನು ದೊಡ್ಡಮ್ಮ ಹೆಮ್ಮೆಯಿಂದ ಹೇಳಲಿಲ್ಲ. ಒಣಗಿದ ಲಂಗೋಟಿ ಮಡಿಸುತ್ತ, ಬೇರೇನೋ ಹೇಳುವ ನಡುವೆ ಹೇಳಿದರು.

ನನಗೆ ಅದನ್ನೂ ಸಹಿಸಲಾಗಲಿಲ್ಲ. ಇಷ್ಟು ಸಾಚಾ ಮನುಷ್ಯರು ಇರಲಾರರು, ಎಲ್ಲೋ ಒಂದು ಕಡೆ ಸಿಕ್ಕಿಬೀಳುತ್ತಾರೆ ಎಂದು ಕಾದೆ. ಹಿಂದಿನ ತಿಂಗಳು ಅರ್ಧ ದಿನ ರಜೆ ಹಾಕಿ, ಮೂರು ಗಂಟೆಗೆ ಸದ್ದಿಲ್ಲದೆ ಬಂದು ಅವರ ಕಿಟಕಿಯಲ್ಲಿ ಇಣುಕಿದ್ದೆ. ಮೂರೂ ಮಕ್ಕಳು ಸಾಲಾಗಿ ಮಲಗಿದ್ದವು. ದೊಡ್ಡಮ್ಮ ಕುರ್ಚಿಯಲ್ಲಿ ಕೂತು ತಮ್ಮ ಧರ್ಮಪುಸ್ತಕ ಓದುತ್ತಿದ್ದರು. ಅವರು ಕ್ರೈಸ್ತರು. ಬೆರಳು ಸಾಲಿನ ಕೆಳಗೆ, ಕಿವಿಯ ಮೇಲೆ ಪೆನ್ಸಿಲ್. ನಾನು ಬೆಕ್ಕಿನ ಹೆಜ್ಜೆ ಇಟ್ಟು ಮೇಲೆ ಹೋದೆ. ಸಂಜೆ ನೋಟ್‌ಬುಕ್ಕಿನಲ್ಲಿ ಇತ್ತು: ‘ಮೂರು ಗಂಟೆ. ತಾಯಿ ಕಿಟಕಿಯಿಂದ ನೋಡಿದರು. ಮಕ್ಕಳು ಏಳುತ್ತಾರೆಂದು ಕರೆಯಲಿಲ್ಲ.’ ಗಂಡ ಬಿದ್ದು ಬಿದ್ದು ನಕ್ಕ.

ಆದರೆ ನಾಲ್ಕು ಹೆಜ್ಜೆಯ ವಿಷಯ ನಗುವಂಥದ್ದಾಗಿರಲಿಲ್ಲ. ಅದನ್ನು ಓದಿದ ಮರುದಿನ ಬೆಳಿಗ್ಗೆ ಮಗುವನ್ನು ಕೊಡುವಾಗ ಕೇಳಿಯೇಬಿಟ್ಟೆ. ಬರೆಯದೆ ಇರಬಹುದಿತ್ತಲ್ಲ, ಹೇಗೂ ಶನಿವಾರ ನಮ್ಮ ಮನೆಯಲ್ಲಿ ನಡೆಯುತ್ತಿದ್ದಳು, ಅದೇ ಮೊದಲೆಂದು ನಾನು ನಂಬುತ್ತಿದ್ದೆ, ನಿಮ್ಮ ಗಂಟೇನು ಹೋಗುತ್ತಿತ್ತು ಎಂದೆ.

ದೊಡ್ಡಮ್ಮ ಮಗುವಿನ ಟೋಪಿ ಬಿಚ್ಚಿದರು. “ಬರೆಯೋ ಮುಂಚೆ ಯೋಚನೆ ಮಾಡ್ದೆ ಕಣಮ್ಮ. ನಿನಗೆ ಉರಿಯುತ್ತೆ ಅಂತ ಗೊತ್ತಿತ್ತು. ಆದ್ರೆ ನಿನ್ನ ಸಂತೋಷಕ್ಕೆ ಅಂತ ಇವತ್ತು ಒಂದು ಬಿಟ್ಟೆ ಅಂತಿಟ್ಕೋ. ನಾಳೆ ‘ಜ್ವರ ಇಳಿದಿದೆ’ ಅಂತ ಬರೀತೀನಿ. ಅದನ್ನ ನೀನು ಹೇಗೆ ನಂಬ್ತೀಯ?”

ನಂಬುವುದೆಂದರೆ ನನಗೆ ಮೊದಲೇ ಕಷ್ಟ. ಮಗುವಿನ ಜ್ವರ ನೋಡಲು ಎರಡು ಥರ್ಮಾಮೀಟರು ಕೊಂಡವಳು ನಾನು. ಎರಡೂ ಬೇರೆ ಬೇರೆ ಹೇಳಿದವೆಂದು ಮೂರನೆಯದನ್ನೂ ಕೊಂಡೆ. ಮಗು ಬೋರಲು ಮಲಗಬೇಕೋ ಅಂಗಾತವೋ ಎಂದು ಫೋನಿನಲ್ಲಿ ಹತ್ತು ಕಡೆ ಓದಿ, ಹನ್ನೊಂದನೆಯ ಕಡೆ ಅಳುತ್ತ ಓದಿದ್ದೇನೆ. ಈ ಹೆಂಗಸು ಮಾತ್ರ ಒಂದೇ ಒಂದು ಪುಸ್ತಕ ಹಿಡಿದು, ಬೆರಳಿಟ್ಟು ಓದಿ, ಮಧ್ಯಾಹ್ನ ನೆಮ್ಮದಿಯಾಗಿ ಕೂರುತ್ತಾರೆ. ಆ ನೆಮ್ಮದಿಯ ಮೇಲೂ ನನಗೆ ಕಣ್ಣು. ಬಾಯಿಗೆ ಬಂತು, ಅಂದುಬಿಟ್ಟೆ: “ನೀವು ನಿಮ್ಮ ಪುಸ್ತಕಾನ ನಂಬಿದೀರಲ್ಲ, ಅದನ್ನ ಯಾರೋ ಮನುಷ್ಯರೇ ತಾನೇ ಬರೆದಿದ್ದು? ಅವರೇನು ಬಿಟ್ಟರೋ, ಏನು ಸೇರಿಸಿದರೋ.”

ಅವರಿಗೆ ಸಿಟ್ಟು ಬರಲಿಲ್ಲ, ಅದೂ ನನಗೊಂದು ಸೋಲು. ಪುಸ್ತಕ ತಂದು ಸ್ಟೂಲಿನ ಮೇಲೆ ಬಿಚ್ಚಿದರು. ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನ ಚುಕ್ಕೆ. ಪ್ರಾರ್ಥನೆಗೆ ಬೇಕಾದ ಮಾತುಗಳಿಗೆ ಹಾಕಿದ್ದೆಂದುಕೊಂಡೆ. ಅಲ್ಲ. ಬಟ್ಟೆ ಒಗೆಯುವ ಕೋಣೆಗೆ ಹಾಕಿದ್ದ ಆ ಮೂರು ತಿಂಗಳಲ್ಲಿ ಶುರು ಮಾಡಿದ್ದಂತೆ. ಯೇಸುವಿನ ಸ್ವಂತ ಜನ ಎಡವಿದ ಕಡೆಗಳಿಗೆಲ್ಲ ಒಂದೊಂದು ಚುಕ್ಕೆ. ಯೇಸುವನ್ನು ಹಿಡಿದ ರಾತ್ರಿ ಶಿಷ್ಯರಲ್ಲಿ ಹಿರಿಯವನು ಬೆಂಕಿಯ ಹತ್ತಿರ ಚಳಿ ಕಾಯಿಸಿಕೊಳ್ಳುತ್ತ, ಆ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ ಎಂದದ್ದು. ಎಚ್ಚರವಾಗಿರಿ ಎಂದು ಯೇಸು ಹೇಳಿದರೆ ಜೊತೆಗಿದ್ದ ಮೂವರು ಶಿಷ್ಯರೂ ನಿದ್ದೆ ಹೋದದ್ದು. ಹಿಡಿಯಲು ಬಂದಾಗ ಎಲ್ಲರೂ ಕಾಲಿಗೆ ಬುದ್ಧಿ ಹೇಳಿದ್ದು. ಸತ್ತ ಯೇಸು ಎದ್ದುಹೋದ ಮೇಲೆ ಖಾಲಿ ಸಮಾಧಿಯನ್ನು ಮೊದಲು ನೋಡಿದವರು ಹೆಂಗಸರು, ಅವರು ಓಡಿಬಂದು ಹೇಳಿದರೆ ಗಂಡಸರು ಇದೆಲ್ಲ ಹರಟೆ ಎಂದದ್ದು. ಹೆಂಗಸರ ಸಾಕ್ಷಿಗೆ ಆ ಕಾಲದಲ್ಲಿ ಅಂಥ ಬೆಲೆ ಇರಲಿಲ್ಲವಂತೆ. ಕಟ್ಟಿದ ಕಥೆಯಾಗಿದ್ದರೆ ನಾಲ್ಕು ಜನ ದೊಡ್ಡ ಮನುಷ್ಯರನ್ನು ಅಲ್ಲಿ ನಿಲ್ಲಿಸುತ್ತಿದ್ದರು ಎಂದರು ದೊಡ್ಡಮ್ಮ.

“ಮನೆಯವರೇ ಬರೆದದ್ದು ಇದು. ಮನೆಯವರೇ ಬರೆದೂ ಮನೆ ಮಾನ ಮುಚ್ಚಿಲ್ಲ ನೋಡು. ಅದಕ್ಕೇ ಉಳಿದದ್ದನ್ನೂ ನಂಬ್ತೀನಿ.”

ನಾನು ಬಿಡಲಿಲ್ಲ. ಜಾಣ ಸುಳ್ಳುಗಾರರು ನಂಬಿಕೆ ಬರಲೆಂದು ತಮ್ಮ ಒಂದೆರಡು ತಪ್ಪನ್ನು ತಾವೇ ಹೇಳಿಕೊಳ್ಳುತ್ತಾರೆ ಎಂದೆ. ಹೌದು, ಆದರೆ ಅವರು ಲಾಭಕ್ಕೆ ಹೇಳಿಕೊಳ್ಳುತ್ತಾರೆ, ಈ ಶಿಷ್ಯರಿಗೆ ಸಿಕ್ಕಿದ್ದು ಏಟು, ಜೈಲು ಎಂದರು. ಯೇಸುವಿನ ಕಥೆಯನ್ನು ಇದರಲ್ಲಿ ನಾಲ್ಕು ಜನ ನಾಲ್ಕು ಥರ ಹೇಳಿದ್ದಾರಂತಲ್ಲ ಎಂದೆ. ನಿಮ್ಮ ಮನೆ ಮದುವೆಯ ಕಥೆಯನ್ನು ನಾಲ್ಕು ಜನ ಓರಗಿತ್ತಿಯರನ್ನು ಕೂರಿಸಿ ಕೇಳು, ಊಟ ತಡವಾದದ್ದು ಯಾರಿಂದ ಎಂಬುದರಲ್ಲಿ ನಾಲ್ಕು ಮಾತು ಬರುತ್ತದೆ, ಮದುವೆ ಆದದ್ದೇ ಸುಳ್ಳೇ ಎಂದರು. ಅರ್ಥವಾಗದ ಜಾಗ ಬೇಕಾದಷ್ಟಿವೆ ಎಂದೂ ಒಪ್ಪಿಕೊಂಡರು. ಆಮೇಲೆ ಪುಸ್ತಕ ಮುಚ್ಚಿ, ಅದರ ಮೇಲೆ ಅಂಗೈ ಇಟ್ಟರು.

“ನನ್ನ ಮಗು ತೀರ್ಕೊಂಡ ವರ್ಷ ಭಾರ ಪೂರ್ತಿ ಇದರ ಮೇಲೆ ಹಾಕ್ದೆ. ಮುರೀಲಿಲ್ಲ. ಇದು ನಿನಗೆ ಸಾಕ್ಷಿ ಅಲ್ಲ ಬಿಡು. ನನಗೆ ಹೌದು.”

ಬಸ್ಸಿಗೆ ಹೊತ್ತಾಯಿತೆಂದು ಹೊರಟೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಅಂದುಕೊಂಡೆ, ಮಗುವನ್ನು ಇಲ್ಲಿಂದ ಬಿಡಿಸಬೇಕು. ಅವರದೇನೋ ತಪ್ಪಿದ್ದುದಕ್ಕಲ್ಲ. ತಪ್ಪೇ ಸಿಗದ ಇವರ ಕೈಯಲ್ಲಿ ಇನ್ನೊಂದು ವರ್ಷ ಬಿಟ್ಟರೆ ನನ್ನ ಮಗಳು ನನ್ನವಳಾಗಿ ಉಳಿಯುವುದಿಲ್ಲ ಎಂಬ ಭಯಕ್ಕೆ.

ಶನಿವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕೆಂದು ಸುಳ್ಳು ಹೇಳಿ, ಎರಡು ಗಂಟೆಯ ಮಟ್ಟಿಗೆ ಮಗುವನ್ನು ದೊಡ್ಡಮ್ಮನ ಬಳಿ ಬಿಟ್ಟೆ. ಮುಖ್ಯರಸ್ತೆಯ ಶಿಶುಪಾಲನಾ ಕೇಂದ್ರಕ್ಕೆ ಹೋದೆ. ಹಳದಿ ಗೋಡೆ, ಆನೆಯ ಚಿತ್ರ, ಸೋಪಿನ ವಾಸನೆ. ಮೇಲ್ವಿಚಾರಕಿ ನನಗಿಂತ ಚಿಕ್ಕವಳು, ನಗುಮುಖ. ನಾನು ಕೇಳುವ ಮುಂಚೆಯೇ ಹೇಳಿದಳು: “ಮೊದಲ ಹೆಜ್ಜೆ, ಮೊದಲ ಮಾತು, ಇವನ್ನ ನಾವು ಪೇರೆಂಟ್ಸ್‌ಗೆ ಹೇಳೋದೇ ಇಲ್ಲ ಮೇಡಂ. ಮನೇಲಿ ನೀವೇ ಮೊದಲು ನೋಡಿದ ಹಾಗೆ ಆಗ್ಲಿ ಅಂತ.”

ನನಗೆ ಬೇಕಾಗಿದ್ದುದು ಅದೇ. ಒಂದು ನಿಮಿಷ ಎದೆ ಹಗುರಾಯಿತು, ಅರ್ಜಿಯಲ್ಲಿ ಮಗಳ ಹುಟ್ಟಿದ ತಾರೀಕನ್ನೂ ತುಂಬಿದೆ. ಆಮೇಲೆ, ಮಗು ಬಿದ್ದರೆ ಹೇಳುತ್ತೀರಾ ಎಂದು ಕೇಳಿದೆ. ಅಂಥದ್ದು ಇಲ್ಲಿ ಆಗುವುದೇ ಇಲ್ಲ ಎಂದಳು. ಯಾವುದೋ ಮಗುವಿನ ತಿಂಗಳ ವರದಿಯನ್ನು ಮಾದರಿಗೆಂದು ತೋರಿಸಿದಳು. ಒಂದು ಪುಟ ಪೂರ್ತಿ, ಸೋಮವಾರವೂ ಶುಕ್ರವಾರವೂ: ‘ಖುಷಿಯಾಗಿದ್ದ. ಊಟ ಚೆನ್ನಾಗಿ ಮಾಡಿದ.’ ಒಂದು ದಿನವೂ ಕ್ಯಾರೆಟ್ ಉಗುಳದ ಮಗು. ಇಂಥ ಕಾಗದವನ್ನು ದಿನಕ್ಕೆ ಮೂವತ್ತು ಬರೆಯುವವಳು ನಾನು, ಅದರ ಹಿಂದೆ ಏನಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಪೆನ್ನಿನ ಮುಚ್ಚಳ ಹಾಕಿದೆ.

ವಾಪಸ್ ಬಂದಾಗ ದೊಡ್ಡಮ್ಮ ನೆಲ ಒರೆಸುತ್ತಿದ್ದರು. ಹಲ್ಲಿನ ನೋವು ಹೇಗಿದೆ ಎಂದರು. ಹಲ್ಲು ನೋವಿಲ್ಲ, ಮಗುವಿಗೆ ಬೇರೆ ಜಾಗ ನೋಡಲು ಹೋಗಿದ್ದೆ, ಸೇರಿಸಲಿಲ್ಲ ಎಂದೆ. ಅವರು ಬಟ್ಟೆ ಹಿಂಡಿದರು, ಇನ್ನೊಮ್ಮೆ ಹಿಂಡಿದರು, ಎರಡು ಸಲ ಕೈ ಚಾಚಿದ ಮಗಳನ್ನು ದಾಟಿ ಒಳಗೆ ಹೋದರು. ಮಗಳು ನೆಲದ ಮೇಲೆ ಕೂತು ನನ್ನ ಚಪ್ಪಲಿಯ ಪಟ್ಟಿ ಎಳೆಯುತ್ತಿದ್ದಳು. ಸುಮಾರು ಹೊತ್ತಾದ ಮೇಲೆ ದೊಡ್ಡಮ್ಮ ಬಂದು ನೋಟ್‌ಬುಕ್ಕು ಕೊಟ್ಟರು.

‘ಹತ್ತರಿಂದ ಹನ್ನೆರಡು. ಬಾಳೆಹಣ್ಣು ಅರ್ಧ. ತಾಯಿ ಮಗುವಿಗೆ ಬೇರೆ ಜಾಗ ನೋಡಿಬಂದರು, ಬಂದು ಹೇಳಿದರು. ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ಅಲ್ಲಿ ಮಗು ಇನ್ನೊಬ್ಬರನ್ನು ಏನೆಂದು ಕರೆಯುತ್ತಿತ್ತೋ ಎಂದು ಸಂಕಟವಾಯಿತು. ಮಗು ಎರಡು ಸಲ ಕೈ ಚಾಚಿದರೂ ಎತ್ತಿಕೊಳ್ಳಲಿಲ್ಲ.’

ಎರಡು ಸಲ ಓದಿದೆ. ಅವರ ಮುಖ ನೋಡಲಾಗಲಿಲ್ಲ, ಅವರೂ ನನ್ನದನ್ನು ನೋಡಲಿಲ್ಲ. ಸೋಮವಾರ ಎಂಟೂವರೆಗೆ ಕರೆತರುತ್ತೇನೆ ಎಂದೆ.

“ಎಂಟೂಕಾಲಿಗೆ ಬಾ. ಎಂಟೂವರೆಗೆ ನಲ್ಲಿ ನಿಂತುಹೋಗುತ್ತೆ” ಎಂದರು.

ಇದಾಗಿ ಐದು ತಿಂಗಳು. ಮಗಳು ಈಗ ಓಡುತ್ತಾಳೆ. ನನ್ನ ಹೊಟ್ಟೆಯುರಿ ತಣ್ಣಗಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಸಂಜೆ ಅವರ ತೋಳಿನಿಂದ ನನ್ನ ತೋಳಿಗೆ ಬರುವಾಗ ಅವಳು ಇವತ್ತಿಗೂ ಒಮ್ಮೆ ಹಿಂದಕ್ಕೆ ತಿರುಗಿ ನೋಡುತ್ತಾಳೆ. ನಾನದನ್ನು ನೋಡುತ್ತೇನೆ. ದೊಡ್ಡಮ್ಮನೂ ನೋಡುತ್ತಾರೆ.